ಕಂಪ್ಯೂಟರಿಗೆ ಉಡಿ ತುಂಬಿದ್ದು

ಕಾರ್ತಿಕದ ಚಳಿ ಆಗಷ್ಟೇ ಬೀಳತೊಡಗಿತ್ತು. ಬೆಳಗಿನ ಏಳರ ಸುಮಾರು, ನಳಕ್ಕೆ ನೀರು ಬಿಟ್ಟ ಹೊತ್ತು. ಭಾಲ್ಕಿಯ ನಮ್ಮ ಓಣಿಯಲ್ಲಿ ನೀರು ಬಂದಾಗ ಯಾರೂ ಫೋನು ಎತ್ತುವುದಿಲ್ಲ. ಅವತ್ತು ಮಾತ್ರ ನನ್ನ ಸೊಸೆ ವಿಜಯಶ್ರೀ ಕೊಡವನ್ನು ನಳದ ಕೆಳಗೇ ಬಿಟ್ಟು ಒಳಗೆ ಓಡಿದಳು. ಕೊಡ ತುಂಬಿ ಹರಿಯತೊಡಗಿತು. ನನ್ನ ಹೆಂಡತಿ ಅನುಸೂಯಾಬಾಯಿ ಅಂಗಳದಿಂದಲೇ ಕೂಗಿದಳು.

"ಏ ವಿಜೂ, ನೀರು ಮೋರಿಗಿ ಹೊಂಟಾವ ನೋಡು! ಯಾರದವ್ವಾ ಅಂಥ ಫೋನು, ಮಂತ್ರಿಗಳದೇನು?"

ವಿಜಯಶ್ರೀ ಹೊರಗೆ ಬಂದು ಬಾಗಿಲು ಹಿಡಿದು ನಿಂತಳು. "ಅತ್ತಿ, ಔರಾದ ಸೆಂಟರ್ ನನಗ ಆಗ್ಯಾದರಿ" ಅಂದಳು.

ಅದೊಂದು ಕಂಪನಿ. ತಾಲೂಕಿನ ಊರುಗಳಲ್ಲಿ ಸೇವಾ ಕೇಂದ್ರ ತೆರೆಯುತ್ತದೆ. ಪಹಣಿ ತೆಗೆಯುವುದು, ಪಿಂಚಣಿ ಅರ್ಜಿ ಹಾಕುವುದು, ಲೈಟ್ ಬಿಲ್ಲು ಕಟ್ಟುವುದು, ಇಂಥವೆಲ್ಲ ಅಲ್ಲಿ ಆಗುತ್ತವೆ. ಬೇಸಿಗೆಯಲ್ಲೇ ವಿಜಯಶ್ರೀ ಹೆಸರು ಕೊಟ್ಟಿದ್ದಳು. ಔರಾದ ಅವಳ ತವರು. ಅವಳ ತಂದೆ ಮಲ್ಲಿಕಾರ್ಜುನಪ್ಪನವರದು ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಖಾಲಿ ಇತ್ತು. ಎಲ್ಲ ಕೂಡಿಬಂದಿತ್ತು, ಆದರೆ ಒಂದು ಕರಾರು. ಸೋಮವಾರ ಕಂಪನಿಯ ಮನುಷ್ಯ ಔರಾದಿಗೆ ಬರುತ್ತಾನೆ. ಕಂಪ್ಯೂಟರ್ ಅಲ್ಲಿ ಇರಬೇಕು, ಅದರಲ್ಲಿ ಅವರ ಪೇಜು ತೆರೆಯಬೇಕು. ಇಲ್ಲದಿದ್ದರೆ ಸೆಂಟರ್ ಮುಂದಿನವರಿಗೆ ಹೋಗುತ್ತದೆ. ಅವತ್ತು ಗುರುವಾರ.

ಮನೆಯಲ್ಲಿ ಕಂಪ್ಯೂಟರ್ ಇತ್ತು. ನನ್ನ ಮಗ ಅಮಿತಕುಮಾರನದು. ಭಾಲ್ಕಿಯ ಕೋರ್ಟಿನ ಎದುರು ಅವನು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟಿದ್ದ. ಕಾಮಾಲೆ ಆಯಿತು, ಹೋದ. ಮೂರು ವರ್ಷದ ಮಾತು. ಅಂಗಡಿ ಬಿಟ್ಟೆವು, ಕಂಪ್ಯೂಟರ್ ಮನೆಗೆ ಬಂತು. ನಡುಮನೆಯ ಮೂಲೆಯಲ್ಲಿ ಅನುಸೂಯಾ ಹೊಲಿದ ಕೌದಿಯ ತುಂಡು ಹೊದ್ದು ಕೂತಿರುತ್ತಿತ್ತು. ಮಧ್ಯಾಹ್ನ ವಿಜಯಶ್ರೀ ಆ ಕೌದಿ ತೆಗೆದು ಓಣಿಯವರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಅದನ್ನು ಅವಳಿಗೆ ಕಲಿಸಿದವನು ಅವನೇ. ಮದುವೆಯಾದ ಹೊಸತರಲ್ಲಿ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತು ಬೆರಳು ಓಡಿಸುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಅವತ್ತು ಬೆಳಿಗ್ಗೆಯೇ ಅವಳು ಕೌದಿ ತೆಗೆದಳು. ಕಂಪನಿಯ ಪೇಜು ತೆರೆಯಲಿಲ್ಲ. ಪರದೆಯ ಮೇಲೆ ಏನೋ ಬರಹ ಬಂತು. ಅನುಸೂಯಾ "ಏನಂತದ ಅದು?" ಎಂದು ಕೇಳಿದಳು.

"ನೀವು ಭಾಳ ಹಳೇದರಾಗ ಬಂದೀರಿ, ಹೊಸಾದರಾಗ ಬರ್ರಿ ಅಂತದ್ರಿ."

"ಮಾರಿ ಮ್ಯಾಲೆ ಹಂಗೇ ಅಂತದೇನು? ಮರ್ಯಾದಿ ಗೊತ್ತಿಲ್ಲೇನು ಅದಕ್ಕ?"

ವಿಜಯಶ್ರೀಗೆ ನಗು ಬರಲಿಲ್ಲ. ಒಳಗಿರುವುದು ವಿಂಡೋಸ್ ಏಳು, ಅದರ ಕಾಲ ಮುಗಿದಿದೆ, ಹೊಸ ಪೇಜುಗಳನ್ನು ತೆರೆಯುವ ಶಕ್ತಿ ಅದಕ್ಕಿಲ್ಲ ಎಂದು ನನಗೆ ಬಿಡಿಸಿ ಹೇಳಿದಳು. ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ. ಭಾಲ್ಕಿಯ ಅಡತ ಬಜಾರಿನಲ್ಲಿ ಕಾಳಿನ ಚೀಲ ಹೊತ್ತು ಬದುಕಿದವನು. ಆದರೂ ಆ ಮಾತು ನನಗೆ ತಿಳಿಯಿತು. ಬಜಾರಿಗೆ ತೂಗುವ ಕರೆಂಟಿನ ಕಾಟಾ ಬಂದ ವರ್ಷ ಹಳೆಯ ತಕ್ಕಡಿಗಳು ಒಂದೇ ಹಂಗಾಮಿನಲ್ಲಿ ಗೋಡೆಗೆ ಒರಗಿದವು. ತಕ್ಕಡಿ ಕೆಟ್ಟಿರಲಿಲ್ಲ. ಅದರಲ್ಲಿ ತೂಗಿದ್ದನ್ನು ಬರೆದುಕೊಳ್ಳುವವರು ಇಲ್ಲವಾದರು, ಅಷ್ಟೇ.

ಹೊಸ ಕಂಪ್ಯೂಟರ್ ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಏಳುವಂಥದ್ದಲ್ಲ. ವಿಜಯಶ್ರೀ ಬೀದರಿನ ಫೈಜಲನಿಗೆ ಫೋನು ಮಾಡಿದಳು. ಮೈಲೂರಿನಲ್ಲಿ ಅವನ ರಿಪೇರಿ ಅಂಗಡಿ. ಅಮಿತ ಇದ್ದಾಗ ಎಲ್ಲ ಸಾಮಾನು ಅವನ ಹತ್ತಿರವೇ ತರುತ್ತಿದ್ದ. ಶುಕ್ರವಾರ ಅಂಗಡಿ ಬಂದ್, ಶನಿವಾರ ಕಂಪ್ಯೂಟರಿನ ಡಬ್ಬಿಯಷ್ಟೇ ತನ್ನಿ, ಪರದೆ ನನ್ನ ಹತ್ತಿರ ಇದೆ ಎಂದ.

ಅನುಸೂಯಾ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬೇಳೆ ಹಸನು ಮಾಡುತ್ತ ಕೂತವಳು ಒಮ್ಮೆ ಮಾತ್ರ, "ಇಲ್ಲೇ ಭಾಲ್ಕ್ಯಾಗ ಕೊಡಂಗಿಲ್ಲೇನು ಆ ಕಂಪನ್ಯಾವ್ರು?" ಎಂದಳು. ವಿಜಯಶ್ರೀ "ಇಲ್ಲಿ ಆಗಲೇ ಒಬ್ಬರಿಗಿ ಆಗ್ಯಾದರಿ" ಎಂದಳು. ಮಾತು ಅಲ್ಲಿಗೆ ನಿಂತಿತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಮನೆಯ ಹೆಣ್ಣುಮಗಳು ಬೇರೆ ಊರಿಗೆ ಹೊರಟಾಗ ಹಿರಿಯಳು ಅವಳ ಸೆರಗಿಗೆ ಅರಿಷಿಣ ಹಚ್ಚಿದ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾಳೆ. ಖಾಲಿ ಸೆರಗಿನಲ್ಲಿ ಕಳಿಸುವುದಿಲ್ಲ. ಆದರೆ ಗಂಡ ಸತ್ತವಳಿಗೆ ತುಂಬುವುದಿಲ್ಲ. ನಾವು ಬಸವಣ್ಣನ ಮಾತು ಕೇಳಿ ಬೆಳೆದವರು, ಇಂಥ ಭೇದ ಮಾಡಬಾರದು ಎಂದು ಮಠದಲ್ಲಿ ಎಲ್ಲರೂ ತಲೆ ಆಡಿಸುತ್ತೇವೆ. ಮನೆಗೆ ಬಂದರೆ ನಡೆಯುವುದು ಬೇರೆ. ಹೋದ ವರ್ಷ ಒಂದು ಮದುವೆಯಲ್ಲಿ ಉಡಿಯ ತಾಟು ಹೆಂಗಸರ ಸಾಲಿನಲ್ಲಿ ಬಂತು. ವಿಜಯಶ್ರೀಯ ಮುಂದೆ ನಿಲ್ಲದೆ ಆಚೆಯವಳ ಹತ್ತಿರ ಹೋಯಿತು. ಅವಳು ಪಕ್ಕದವರ ಕೂಸನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟಳು.

ಶನಿವಾರ ನಸುಕಿನಲ್ಲಿ ನಾನು ಮುಖ ತೊಳೆದು ಒಳಗೆ ಬಂದಾಗ ಅನುಸೂಯಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೈಯಲ್ಲಿ ತಾಟು. ವಿಜಯಶ್ರೀ ಬಚ್ಚಲಲ್ಲಿದ್ದಳು. ಏನೋ ಪೂಜೆ ಮಾಡುತ್ತಿದ್ದಾಳೆ, ಕೆಲಸ ಆಗಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಚಹಾಕ್ಕೆ ಒಲೆ ಹಚ್ಚಿದೆ. ಆಮೇಲೆ ಅವಳೇ ಡಬ್ಬಿಗೆ ಕೌದಿ ಸುತ್ತಿ ಗಂಟು ಹಾಕಿದಳು. ತಾನೂ ಬರುತ್ತೇನೆ ಎಂದಳು.

ಬೀದರ ಬಸ್ಸಿನಲ್ಲಿ ಡಬ್ಬಿ ವಿಜಯಶ್ರೀಯ ತೊಡೆಯ ಮೇಲೆ. ಕಂಡಕ್ಟರ್ ಬಂದು ಗಂಟು ನೋಡಿದ.

"ಅಕ್ಕಾರ, ನಿಮಗ ಫ್ರೀ ಅದ. ಇದಕ್ಕ ಲಗೇಜ್ ಹತ್ತತದ."

ಅನುಸೂಯಾ, "ಅದೂ ನಮ್ಮನಿ ಹೆಣ್ಮಗಳೇ ಅದಪ್ಪಾ, ಫ್ರೀ ಬಿಡು" ಅಂದಳು.

"ಆಧಾರ ಕಾರ್ಡ್ ತೋರಸ್ಲಿ ಹಂಗಾರ, ಬಿಡ್ತೀನಿ."

ಬಸ್ಸು ನಕ್ಕಿತು. ವಿಜಯಶ್ರೀಯೂ ನಕ್ಕಳು. ಲಗೇಜ್ ಟಿಕೆಟು ನಾನು ತೆಗೆಸಿದೆ. ಹೊರಗೆ ತೊಗರಿ ಹಳದಿ ಹೂ ಬಿಟ್ಟಿತ್ತು, ಮಂಜು ಇನ್ನೂ ಕರಗಿರಲಿಲ್ಲ.

ಹನ್ನೆರಡರ ಸುಮಾರಿಗೆ ಅಂಗಡಿ ತೆರೆದ ಫೈಜಲ ನಮ್ಮನ್ನು ಕೂಡಿಸಿ ಮೊದಲು ನೀರು ಕೊಟ್ಟ. "ಅಮಿತಭಾಯಿ ಮಶೀನು" ಎಂದು ಡಬ್ಬಿಯ ಮೇಲೆ ಕೈ ಸವರಿದ. ವಯರು ಜೋಡಿಸಿ ಗುಂಡಿ ಒತ್ತಿದ. ಒಳಗೆ ಗರಗರ ಎಂದಿತು, ಕಲ್ಲು ಸಿಕ್ಕ ಬೀಸುಗಲ್ಲಿನ ಹಾಗೆ. ಆಮೇಲೆ ಕಟಕ್ ಎಂದು ನಿಂತಿತು. ಸುಟ್ಟ ವಾಸನೆ ಬಂತು. ಫೈಜಲ ವಯರನ್ನು ಗೋಡೆಯಿಂದ ಕಿತ್ತೇಬಿಟ್ಟ.

ಸ್ಕ್ರೂ ಬಿಚ್ಚಿ ಬದಿಯ ತಗಡು ತೆಗೆದು ಬಗ್ಗಿ ನೋಡಿದ. ಬಹಳ ಹೊತ್ತು ಹಾಗೇ ಬಗ್ಗಿದ್ದ.

"ಯಾ ಅಲ್ಲಾ. ಕಾಕಾ, ಇದ್ರಾಗ ಪುಲಾವ್ ಮಾಡೋರಿದ್ರೇನ್ರಿ?"

ಎದ್ದು ನಗುತ್ತಿದ್ದವನು ನಮ್ಮ ಮುಖ ನೋಡಿ ಸುಮ್ಮನಾದ. ಬ್ರಶ್ಶಿನಿಂದ ಒಂದೊಂದಾಗಿ ಉರ್ದು ಪೇಪರಿನ ಮೇಲೆ ಕೆಡವಿದ. ಅರಿಷಿಣ ಹಚ್ಚಿದ ಅಕ್ಕಿ. ಡಬ್ಬಿಯ ನೆತ್ತಿಯ ಮೇಲಿನ ಜಾಳಿಗೆಯಿಂದ ಇಳಿದು ಪಂಖಾದ ಎಸಳುಗಳ ನಡುವೆ ಸಿಕ್ಕಿತ್ತು. ಒಂದು ಎಸಳು ಮುರಿದಿತ್ತು. ಕೆಲವು ಕಾಳು ಕೆಳಗಿನ ಬೋರ್ಡಿಗೆ ಅಂಟಿ, ಅದರ ಮೇಲೆ ಹಳದಿ ನೀರು ಹರಡಿತ್ತು.

"ಇನ್ನೂ ಹಸಿ ಅವ. ಇವತ್ತೇ ಬಿದ್ದಾವ್ರಿ" ಎಂದ.

ವಿಜಯಶ್ರೀ ಅತ್ತೆಯ ಕಡೆ ತಿರುಗಿದಳು. "ಅತ್ತಿ, ನೀವಾ?"

"ಹೂಂ."

"ಯಾಕ್ರಿ? ನಾ ಹೋಗಬಾರದಂತನಾ? ಬಾಯಿಲೆ ಅಂದಿದ್ರ ನಾ ಕೇಳ್ತಿದ್ದಿಲ್ಲೇನು? ಸೋಮವಾರ ಅದ ಅಂತ ಗೊತ್ತಿತ್ತಲ್ಲ ನಿಮಗ!"

ಅವಳು ಅತ್ತೆಗೆ ಹಾಗೆ ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಷ್ಟರಲ್ಲಿ ಮಧ್ಯಾಹ್ನದ ಆಜಾನ್ ಆಯಿತು. ಫೈಜಲ ಎದ್ದ.

"ನಾ ನಮಾಜ್ ಮುಗಿಸಿ ಬರ್ತೀನ್ರಿ. ಬೋರ್ಡ್ ಒಣಗಲಿ. ಯಾರೂ ಗುಂಡಿ ಒತ್ತಬ್ಯಾಡ್ರಿ" ಎಂದವನೇ ಟೇಬಲ್ ಪಂಖಾವನ್ನು ಡಬ್ಬಿಯ ಕಡೆ ತಿರುಗಿಸಿ, ಟೋಪಿ ಹಾಕಿಕೊಂಡು ಹೋದ.

ಅಂಗಡಿಯಲ್ಲಿ ನಾವು ಮೂವರೇ ಉಳಿದೆವು.

"ಮ್ಯಾಲಿನ ತೂತು ಒಳಗ ಹೋಗ್ತಾವಂತ ನನಗೇನು ಗೊತ್ತವ್ವಾ" ಎಂದಳು ಅನುಸೂಯಾ. "ಚಂದಕ್ಕ ಜಾಳಗಿ ಮಾಡ್ಯಾರ ಅಂದ್ಕೊಂಡೆ. ಉಡಿ ತುಂಬೀನಿ ನಾ."

"ಡಬ್ಬಿಗ್ಯಾ?"

"ಡಬ್ಬಿಗಿ ಯಾಕ ತುಂಬಲಿ? ನೀ ಹೊಂಟೀದಿ. ಖಾಲಿ ಸೆರಗಿಲೆ ಹ್ಯಾಂಗ ಕಳಸ್ಲಿ ನಿನಗ? ನಿನ್ನ ಸೆರಗಿನ್ಯಾಗ ಹಾಕಲಕ ಕೈ ಬರಲಿಲ್ಲ. ಓಣ್ಯಾಗಿನೋರು ಏನಂತಾರ, ನಿಮ್ಮವ್ವ ಏನಂತಾಳ. ಇದು ನಿನ್ನ ಸಂಗಾಟ ಹೋಗ್ತದ. ಅವ ಮುಟ್ಟಿದ್ದು, ನೀ ಮುಟ್ಟಿದ್ದು. ಇದರ ಮ್ಯಾಲ ಹಾಕಿದ್ರ ನಿನಗ ಮುಟ್ಟತದ ಅನಿಸ್ತು."

ವಿಜಯಶ್ರೀ ಪೇಪರಿನ ಮೇಲಿನ ಅಕ್ಕಿ ನೋಡುತ್ತ ಕೂತಳು. ಸಿಟ್ಟು ಇಳಿದಿರಲಿಲ್ಲ.

"ಇದು ಕೆಟ್ಟೇಹೋಗಿದ್ರ?"

"ಕೆಟ್ಟಿದ್ರ ನನಗ ಬೈ."

"ಬೈದ್ರ ಸೆಂಟರ್ ಬರ್ತದೇನ್ರಿ, ಅತ್ತಿ?"

ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಸ್ವಲ್ಪ ಹೊತ್ತಿಗೆ ವಿಜಯಶ್ರೀ ಎದ್ದು ಅತ್ತೆಯ ಮುಂದೆ ಬಂದು ಸೆರಗು ಒಡ್ಡಿದಳು.

"ಹಾಕ್ರಿ."

"ಇಲ್ಲ್ಯಾ? ಮಂದಿ ಅಂಗಡ್ಯಾಗ? ಊರಿಗಿ ಹೋಗಿ ನೋಡಮು ತಗೊ."

"ಊರಾಗ ನಿಮ್ಮ ಕೈ ಬರಂಗಿಲ್ಲರಿ. ಇಲ್ಲೇ ಹಾಕ್ರಿ."

ಅನುಸೂಯಾ ನನ್ನ ಮುಖ ನೋಡಿದಳು. "ನನಗೇನು ನೋಡ್ತಿ, ಹಾಕು" ಎಂದೆ. ಅವಳು ಪೇಪರನ್ನು ಎತ್ತಿ, ಧೂಳು ಊದಿ, ಆ ಅಕ್ಕಿಯನ್ನೇ ಬಳಿದು ಸೆರಗಿಗೆ ಹಾಕಿದಳು. ಮುಷ್ಟಿ ತುಂಬ ಕೂಡ ಇರಲಿಲ್ಲ. ಕೊಬ್ಬರಿ ಇರಲಿಲ್ಲ, ದಾರಿಗೆಂದು ಚೀಲದಲ್ಲಿ ಇಟ್ಟಿದ್ದ ಬಾಳೆಹಣ್ಣು ಇಟ್ಟಳು. ನಾನು ರಸ್ತೆಯ ಕಡೆ ಮುಖ ಮಾಡಿ ಕೂತೆ.

ಫೈಜಲ ಚಹಾ ಹಿಡಿದುಕೊಂಡು ಬಂದ. ವಿಜಯಶ್ರೀಯ ನಡುವಿಗೆ ಸಿಕ್ಕಿಸಿದ ಗಂಟು ಅವನಿಗೆ ಕಂಡಿರಬೇಕು. ಚಹಾ ಕೊಟ್ಟು ಕೆಲಸಕ್ಕೆ ಕೂತ. ಅರಳೆಗೆ ಏನೋ ಔಷಧಿ ಅದ್ದಿ ಬೋರ್ಡನ್ನು ಒರೆಸಿದ. ಗುಜರಿ ಡಬ್ಬದಿಂದ ಒಂದು ಪಂಖಾ ಹುಡುಕಿ ಕೂಡಿಸಿದ. ಮೆಮರಿ ಕೂಡಿಸುವ ಒಂದು ಜಾಗ ಸತ್ತೇಹೋಗಿತ್ತು, ಇನ್ನೊಂದು ಜೀವಂತ ಇತ್ತು. ಅದರಲ್ಲಿ ದೊಡ್ಡದೊಂದು ಹಾಕಿದ. ಗುಂಡಿ ಒತ್ತುವ ಮೊದಲು ಅವನೂ ಏನೋ ಅಂದುಕೊಂಡ, ತುಟಿ ಅಲುಗಿತು. ಪಂಖಾ ತಿರುಗಿತು. ಪರದೆಗೆ ಬೆಳಕು ಬಂತು.

"ಬದಕ್ಯಾದ" ಎಂದ. "ಈಗ ಖರೇ ಮಾತು ಕೇಳ್ರಿ ಅಕ್ಕಾ. ಹೊಸ ವಿಂಡೋಸ್ ಈ ಬೋರ್ಡಿಗಿ ಒಪ್ಪಂಗಿಲ್ಲ. ಕಣ್ಣು ತಪ್ಪಿಸಿ ಕೂಡಿಸಬಹುದು, ಕೂಡಸ್ತಾರ ಮಂದಿ. ನಾಳಿ ಅದು ಒಲ್ಲೆ ಅಂದ್ರ ಔರಾದಾಗ ನಿಮಗ ಯಾರು ದಿಕ್ಕು? ವಿಂಡೋಸ್ ಬದ್ಲಿ ಲಿನಕ್ಸ್ ಹಾಕ್ತೀನಿ. ಅದೂ ಹೊಸಾದೇ. ಹಳೆ ಮಶೀನಿಗಿ ಸೈ ಅಂತದ, ನಿಮ್ಮ ಪೇಜೂ ತೆರೀತದ."

"ಅದ್ರಾಗ ನುಡಿ ಕೀಬೋರ್ಡ್ ಬರ್ತದೇನ್ರಿ? ನನ್ನ ಬೆರಳಿಗಿ ಬ್ಯಾರೆ ಗೊತ್ತಿಲ್ಲ."

"ಬರ್ತದ. ಅಕ್ಷರ ಎಲ್ಲಿ ಇದ್ವೋ ಅಲ್ಲೇ ಇರ್ತಾವ. ಮತ್ತ ಈ ಹಳೆ ಡಿಸ್ಕ್? ಅಳಸ್ಲೇನು?"

"ಬ್ಯಾಡ್ರಿ" ಎಂದಳು ವಿಜಯಶ್ರೀ, ಅವನ ಮಾತು ಮುಗಿಯುವ ಮೊದಲೇ. "ಅವರು ಟೈಪ್ ಮಾಡಿದ್ದೆಲ್ಲ ಅದ್ರಾಗ ಅದ."

"ಹಂಗಾದ್ರ ಹೊಸಾದು ಬ್ಯಾರೆ ಡಿಸ್ಕಿನ್ಯಾಗ ಹಾಕ್ತೀನಿ. ಇದು ಬಾಜೂಕ ಕೂಡ್ತದ. ಬೇಕಾದಾಗ ತೆಗದು ನೋಡ್ರಿ."

ಪರದೆಯ ಮೇಲೆ ಒಂದು ಗೆರೆ ಹುಟ್ಟಿ ಎಡದಿಂದ ಬಲಕ್ಕೆ ಮೆಲ್ಲಗೆ ಬೆಳೆಯತೊಡಗಿತು. ನಡುವೆ ಒಂದು ಕಡೆ ನಿಂತೇಬಿಟ್ಟಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು.

"ಎಷ್ಟು ಹೊತ್ತು ಬೇಕಪ್ಪಾ ಇದಕ್ಕ?" ಎಂದಳು ಅನುಸೂಯಾ.

"ತೊಗರಿ ಬ್ಯಾಳಿ ಬೇಯೋಷ್ಟು, ಅಮ್ಮಾ. ಆದ್ರ ನೀವು ಕೈ ಆಡಸಬ್ಯಾಡ್ರಿ."

"ಇನ್ನ ಜಲ್ಮದಾಗ ಮುಟ್ಟಂಗಿಲ್ಲ ತಗೋ."

ಆಗ ಎಲ್ಲರೂ ನಕ್ಕೆವು. ಗೆರೆ ಮತ್ತೆ ಸರಿಯಿತು.

ಎಲ್ಲ ಮುಗಿದು ಹೊಸ ಪರದೆ ಬಂದಾಗ ವಿಜಯಶ್ರೀ ಸ್ಟೂಲು ಎಳೆದುಕೊಂಡು ಕೂತಳು. ಎಲ್ಲ ಗುರುತುಗಳೂ ಜಾಗ ಬದಲಿಸಿದ್ದವು. ಹೊಸ ಮನೆಯಲ್ಲಿ ಉಪ್ಪಿನ ಡಬ್ಬ ಹುಡುಕುವ ಹೆಂಗಸಿನ ಹಾಗೆ ಅಲ್ಲಿಲ್ಲಿ ನೋಡಿದಳು. ಆಮೇಲೆ ಕಣ್ಣು ಮೇಲೆತ್ತಿ, ಬೆರಳು ನೋಡದೆ, 'ತಹಸೀಲ್ದಾರ ಸಾಹೇಬರು, ಔರಾದ ಇವರಿಗೆ' ಎಂದು ಹೊಡೆದಳು. ಸರಿಯಾಗಿ ಬಂತು. ಕಂಪನಿಯ ಪೇಜು ತೆರೆದಳು. ಅದು ಏನೂ ಬೈಯಲಿಲ್ಲ, ಹೆಸರು ಕೇಳಿತು.

"ಗ್ಯಾರಂಟಿ ಕೊಡಂಗಿಲ್ರಿ" ಎಂದ ಫೈಜಲ, ಕೌದಿ ಸುತ್ತುತ್ತ. "ನೀರು ಕುಡದ ಬೋರ್ಡು. ಆದ್ರ ನನಗ ನಂಬಿಕಿ ಅದ."

ಸೋಮವಾರ ನಾನೂ ವಿಜಯಶ್ರೀಯೂ ಅದನ್ನು, ಮನೆಯಲ್ಲಿದ್ದ ಪರದೆ ಮತ್ತು ಅಮಿತನ ಪ್ರಿಂಟರಿನ ಸಮೇತ, ಔರಾದಿಗೆ ಒಯ್ದೆವು. ದಾರಿಯುದ್ದಕ್ಕೂ ಬಸ್ಸು ಕುಪ್ಪಳಿಸಿದಾಗಲೆಲ್ಲ ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಎತ್ತಿ ಹಿಡಿಯುತ್ತಿದ್ದಳು. ಬೀಗರು ಮಲ್ಲಿಕಾರ್ಜುನಪ್ಪ ಖೋಲಿಗೆ ಸುಣ್ಣ ಹಚ್ಚಿಸಿ ಟೇಬಲ್ಲು ಹಾಕಿಸಿದ್ದರು. ಮಧ್ಯಾಹ್ನ ಕಂಪನಿಯವನು ಬೈಕಿನ ಮೇಲೆ ಬಂದ. ಪರದೆ ನೋಡಿ ಹುಬ್ಬು ಗಂಟಿಕ್ಕಿದ.

"ಇದು ವಿಂಡೋಸ್ ಅಲ್ಲಲ್ಲ ಮೇಡಂ?"

"ಅಲ್ಲ್ರಿ."

"ಹಂಗಂದ್ರ ನಡೀತದೋ ಇಲ್ಲೋ ನಾ ಹ್ಯಾಂಗ ಹೇಳಲಿ?"

"ನಿಮ್ಮ ಪೇಜ್ ತೆರೀಬೇಕಂತ ಹೇಳಿದ್ರಿ. ಕೂತು ತೆರೀರಿ. ತೆರೀಲಿಲ್ಲಂದ್ರ ನೀವು ಹೇಳಿದಂಗ" ಎಂದು ಅವಳು ಸ್ಟೂಲಿನಿಂದ ಎದ್ದು ಅವನಿಗೆ ಬಿಟ್ಟುಕೊಟ್ಟಳು.

ಅವನು ಕೂತ. ತೆರೆದ. ಹೊರಗೆ ನಿಂತಿದ್ದ ಒಬ್ಬ ಮುದುಕಿಯನ್ನು ಕರೆದು ಅವಳ ಪಿಂಚಣಿ ಅರ್ಜಿ ತುಂಬಲು ವಿಜಯಶ್ರೀಗೆ ಹೇಳಿದ. ಅವಳು ತುಂಬಿದಳು, ಕಾಗದ ಪ್ರಿಂಟಾಗಿ ಹೊರಬಂತು. ಆದರೂ ಅವನಿಗೆ ಸಮಾಧಾನ ಇಲ್ಲ. ಹೊರಗೆ ಹೋಗಿ ಯಾರಿಗೋ ಫೋನು ಹಚ್ಚಿದ. ಅವನು ಬೇವಿನ ಮರದ ಕೆಳಗೆ ಅತ್ತಿಂದಿತ್ತ ತಿರುಗಾಡುವಷ್ಟು ಹೊತ್ತು ವಿಜಯಶ್ರೀ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಪಂಖಾದ ಸದ್ದು ಕೇಳುತ್ತಿದ್ದಳೋ ಏನೋ. ಅವನು ವಾಪಸ್ಸು ಬಂದು, "ನಡೀತದಂತ್ರಿ" ಎಂದು ಬಾಗಿಲಿಗೆ ಕಂಪನಿಯ ಹಾಳೆ ಅಂಟಿಸಿ ಫೋಟೋ ತೆಗೆದುಕೊಂಡ.

ಬಟ್ಟೆಬರೆ ಒಯ್ಯಲು ಅವಳು ನನ್ನ ಜೊತೆ ಸಂಜೆ ಭಾಲ್ಕಿಗೆ ಬಂದಳು. ಮರುದಿನ ಬೆಳಿಗ್ಗೆಯೇ ಚೀಲ ಕಟ್ಟಿ ಹೊಸ್ತಿಲಲ್ಲಿ ಇಟ್ಟಳು. ಎದುರುಮನೆಯಾಕೆ ಕಸ ಗುಡಿಸುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿದಳು.

"ಸೊಸಿ ಹೊಂಟಳೇನವ್ವಾ, ತವರಿಗಿ? ತಿರುಗಿ ಬರ್ತಾಳೋ ಇಲ್ಲೋ?"

ಅನುಸೂಯಾ ಚೀಲವನ್ನು ಎತ್ತಿ ಒಳಗೆ ಇಟ್ಟಳು. "ಇವತ್ತೆಲ್ಲಿ ಹೋಗ್ತಾಳ? ಮಂಗಳಾರ ಅದ. ಮನಿ ಹೆಣ್ಮಗಳಿಗಿ ಮಂಗಳಾರ ಕಳಸ್ತಾರೇನು ಯಾರರ?"

ಮಂಗಳವಾರ, ಶುಕ್ರವಾರ ಮಗಳನ್ನು ಮನೆಯಿಂದ ಕಳಿಸುವುದಿಲ್ಲ, ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು. ಎದುರುಮನೆಯಾಕೆಗೂ ಅದು ಗೊತ್ತು. ಅವಳು ವಿಜಯಶ್ರೀಯ ಬರಿಗೊರಳು ನೋಡಿದಳು, ಅನುಸೂಯಾಳ ಮುಖ ನೋಡಿದಳು, ಕಸಬರಿಗೆಗೆ ತಿರುಗಿದಳು.

"ಅತ್ತಿ, ಅಲ್ಲಿ ಮಂದಿ ಬಂದು ಕೂತಿರ್ತಾರ್ರಿ. ಮೊದಲನೇ ದಿನಾನೇ ಬಾಗಿಲು ಹಾಕಿದ್ರ ಹ್ಯಾಂಗ?"

"ಕೂಡ್ಲಿ. ನಿಮ್ಮಪ್ಪಗ ಫೋನು ಮಾಡಿ ಚಹಾ ಕೊಡ್ಲಕ ಹೇಳು."

ವಿಜಯಶ್ರೀ ಹಣೆ ಬಡಿದುಕೊಂಡು ನಕ್ಕು, ತಂದೆಗೆ ಫೋನು ಮಾಡಿದಳು. ಅವತ್ತು ಅತ್ತೆ ಸೊಸೆ ಇಬ್ಬರೂ ಕೂಡಿ ಶೇಂಗಾ ಹಿಂಡಿ ಕುಟ್ಟಿದರು, ಕಡಕ ರೊಟ್ಟಿ ಬಡಿದರು, ಉಪ್ಪು ಹೆಚ್ಚಾಯಿತೋ ಇಲ್ಲವೋ ಎಂದು ಸಂಜೆಯ ತನಕ ಜಗಳ ಮಾಡಿದರು. ಚೀಲ ಇನ್ನಷ್ಟು ಭಾರವಾಯಿತು.

ಅದನ್ನು ನಾನು ಹೆಗಲ ಮೇಲೆ ಹೊತ್ತು ಬಸ್‌ ಸ್ಟ್ಯಾಂಡಿಗೆ ಮುಟ್ಟಿಸಿದೆ. ವಿಜಯಶ್ರೀ ಔರಾದಿಗೆ ಹೋದದ್ದು ಬುಧವಾರ, ಬೆಳಗಿನ ಮೊದಲ ಬಸ್ಸಿಗೆ.